ಯಂತ್ರವನ್ನೇ ಕೇಳೋಣ

ಹೊದಿಕೆಯನ್ನು ನೋಡಿದ ಮಾತ್ರಕ್ಕೆ ಪುಸ್ತಕವೊಂದು ಎಷ್ಟನೆಯ ಮುದ್ರಣವೆಂದು ಹೇಳಲಾಗದು, ಒಳಪುಟವನ್ನು ತೆರೆಯಲೇಬೇಕು. ಕಂಪ್ಯೂಟರಿನ ಸಂಗತಿಯೂ ಹಾಗೆಯೇ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಯಾವ ಆವೃತ್ತಿಯದೆಂಬುದು ಪರದೆಯ ಅಂದಚಂದದಿಂದ ಖಚಿತವಾಗುವುದಿಲ್ಲ. ಅದನ್ನು ಯಂತ್ರದಿಂದಲೇ ಕೇಳಿ ತಿಳಿಯಲು ಇರುವ ನೇರವಾದ ದಾರಿ ಕಮಾಂಡ್ ಲೈನ್. ಎಂದರೆ, ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ಉತ್ತರವನ್ನೂ ಅಕ್ಷರಗಳಲ್ಲಿಯೇ ಪಡೆಯುವ ಕ್ರಮ.

ಇದು ಬರಿಯ ಕುತೂಹಲದ ಮಾತಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಹಲವು ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಹೊರತಂದಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಬಲಿಯಾದವು. ಯಾವ ಆವೃತ್ತಿಗೆ ತಿದ್ದುಪಡಿ ಇನ್ನೂ ದೊರೆಯುತ್ತದೆ, ಯಾವುದಕ್ಕೆ ನಿಂತುಹೋಗಿದೆ ಎಂಬ ವಿವೇಚನೆ ಆರಂಭವಾಗುವುದು ಆವೃತ್ತಿಯ ಅರಿವಿನಿಂದ.

ವಿಂಡೋಸ್ ಇರುವಲ್ಲಿ ಕಮಾಂಡ್ ಪ್ರಾಂಪ್ಟನ್ನು ತೆರೆದು, ರೋಮನ್ ಲಿಪಿಯ ವಿ, ಇ, ಆರ್ ಎಂಬ ಮೂರಕ್ಷರಗಳನ್ನು ಒತ್ತಿ ಎಂಟರ್ ಕೊಟ್ಟರೆ ಉತ್ತರ ಬರುತ್ತದೆ. ಆದರೆ ಇಲ್ಲೊಂದು ತೊಡಕುಂಟು: ಮಾರಾಟದ ಹೆಸರು ಬೇರೆ, ಒಳಗಿನ ಸಂಖ್ಯೆ ಬೇರೆ. ವಿಂಡೋಸ್ 7 ತನ್ನನ್ನು 6.1 ಎಂದು ಹೇಳಿಕೊಳ್ಳುತ್ತದೆ. 2021ರಲ್ಲಿ ಬಂದ ವಿಂಡೋಸ್ 11 ಕೂಡ, ತನ್ನ ಅಣ್ಣನಂತೆಯೇ, 10.0 ಎನ್ನುತ್ತದೆ. ಆದುದರಿಂದ ಮೂರನೆಯ ಸಂಖ್ಯೆಯನ್ನು ನೋಡಬೇಕು. ಮನೆ, ಕಚೇರಿಗಳ ಯಂತ್ರದಲ್ಲಿ ಅದು 22000 ಅಥವಾ ಅದಕ್ಕೂ ಹೆಚ್ಚಾಗಿದ್ದರೆ ವಿಂಡೋಸ್ 11. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ ಈ ಒಂದು ಸಂಖ್ಯೆಗೆ ಬಹಳ ತೂಕವಿದೆ.

ಲಿನಕ್ಸ್‌ನಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಕೇಳಬೇಕು. ‘ಯುನೇಮ್’ ಎಂದು ಬರೆದು, ತೆರಪು ಬಿಟ್ಟು, ಅಡ್ಡಗೆರೆಯೊಡನೆ ಸಣ್ಣ ‘ಆರ್’ ಸೇರಿಸಿದರೆ ಕರ್ನಲ್ ಎಂಬ ತಿರುಳಿನ ಆವೃತ್ತಿ ದೊರೆಯುತ್ತದೆ. ಆ ತಿರುಳಿನ ಸುತ್ತ ಕಟ್ಟಿದ ಉಬುಂಟು, ಡೆಬಿಯನ್ ಮೊದಲಾದ ವ್ಯವಸ್ಥೆಗಳ ಹೆಸರು, ಸಂಖ್ಯೆಗಳು ‘ಇಟಿಸಿ’ ಕಡತಕೋಶದ ‘ಓಎಸ್-ರಿಲೀಸ್’ ಕಡತದಲ್ಲಿವೆ. ‘ಕ್ಯಾಟ್’ ಆಜ್ಞೆಯಿಂದ ಅದನ್ನು ಓದಬಹುದು. ಉಬುಂಟು 22.04 ಎಂದಿದ್ದರೆ ಅದು 2022ರ ನಾಲ್ಕನೆಯ ತಿಂಗಳಲ್ಲಿ ಬಂದದ್ದು; ಸಂಖ್ಯೆಯೇ ಹುಟ್ಟಿದ ಕಾಲವನ್ನು ಸಾರುತ್ತದೆ.

ಉತ್ತರವನ್ನು ಬರೆದಿಟ್ಟುಕೊಂಡು, ತಯಾರಕರು ಪ್ರಕಟಿಸುವ ಬೆಂಬಲದ ಅವಧಿಯೊಡನೆ ಹೋಲಿಸಿ ನೋಡುವುದು ಮುಂದಿನ ಕೆಲಸ. ಅವಧಿ ತೀರಿದ್ದರೆ ಯಂತ್ರವೇನೋ ಎಂದಿನಂತೆ ನಡೆಯುತ್ತಲೇ ಇರುತ್ತದೆ. ಅಪಾಯ ಕಣ್ಣಿಗೆ ಬೀಳದಿರುವುದು ಈ ಕಾರಣದಿಂದಲೇ.