ಅಳಿಸುವ ಮುನ್ನ ಒಮ್ಮೆ ಎಣಿಸಿ

‘ಏನೋ ಇದು, ಸ್ಕ್ರೀನ್ ಪೂರ್ತಿ ಕಪ್ಪಾಗಿದೆ? ವೈರಸ್ ಬಂತಾ?’

ರಾತ್ರಿ ಮಂಡಿಯಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಕೇಳಿದರು. ‘ಇಲ್ಲಪ್ಪ, ಇದು ಟರ್ಮಿನಲ್. ಟೈಪ್ ಮಾಡಿ ಕಂಪ್ಯೂಟರ್‌ನಿಂದ ಕೆಲಸ ಮಾಡಿಸೋದು’ ಎಂದೆ. ‘ಮೌಸ್ ಇರುವಾಗ ಇದ್ಯಾಕೆ?’ ಎನ್ನುತ್ತಾ ಕೈಕಾಲು ತೊಳೆಯಲು ಹೋದರು. ಸರಿಯಾದ ಉತ್ತರ ಆಗ ನನಗೂ ಗೊತ್ತಿರಲಿಲ್ಲ.

ಅಪ್ಪ ಯಶವಂತಪುರದ ಎಪಿಎಂಸಿ ಯಾರ್ಡ್‌ನ ಈರುಳ್ಳಿ ಮಂಡಿಯೊಂದರಲ್ಲಿ ಗುಮಾಸ್ತರು. ಅಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಮಾಲೀಕರು ನನ್ನ ಓದಿಗೆಂದು ಕೊಟ್ಟಿದ್ದರು. ಹೊಸ ಲ್ಯಾಪ್‌ಟಾಪ್ ಕೇಳುವ ಧೈರ್ಯ ನನಗಿರಲಿಲ್ಲ. ಬಿ.ಇ.ಯಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಶುರುವಾದಾಗ ಸೀನಿಯರ್ ಒಬ್ಬರ ಸಹಾಯದಿಂದ ಅದಕ್ಕೆ ಲಿನಕ್ಸ್ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ.

ಆದರೂ ಅದು ಆಗಾಗ ಹ್ಯಾಂಗ್ ಆಗುತ್ತಿತ್ತು. ‘ಬೈಯೋಕೆ ಮೊದಲು ಅದರ ನಾಡಿ ಹಿಡಿದು ನೋಡು’ ಎಂದ ಸೀನಿಯರ್, ನಾಲ್ಕು ಕಮಾಂಡ್‌ಗಳನ್ನು ಬರೆದುಕೊಟ್ಟರು. ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ‘ಟಾಪ್’ ತೋರಿಸುತ್ತದೆ. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎನ್ನುವುದು ‘ಡಿಎಫ್’, ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎನ್ನುವುದು ‘ಡಿಯು’. ‘ಅಪ್‌ಟೈಮ್’ ಎಂದು ಕೊಟ್ಟರೆ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಹೊರೆ ಮೂರು ಅಂಕಿಗಳಲ್ಲಿ ಬರುತ್ತದೆ. ನಮ್ಮ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರ್ ನೆನಪಿಸಿಕೊಳ್ಳಿ. ಎರಡು ಕೌಂಟರ್ ಇದ್ದು ಆರು ಜನ ಬಂದರೆ ನಾಲ್ವರು ಕಾಯಲೇಬೇಕು. ಎರಡು ಕೋರ್‌ಗಳ ಪ್ರೊಸೆಸರ್‌ನಲ್ಲಿ ಹೊರೆ 6 ಎಂದರೆ ಹೆಚ್ಚುಕಡಿಮೆ ಅದೇ ಕಥೆ.

ನನ್ನ ಡಿಸ್ಕ್ 97% ತುಂಬಿತ್ತು. ಡೌನ್‌ಲೋಡ್ ಫೋಲ್ಡರ್ ತುಂಬ ನೋಡಿ ಮುಗಿಸಿದ ವಿಡಿಯೊಗಳು. ಅವನ್ನು ದಿನಾ ಅಳಿಸುವ ಬದಲು ಕಂಪ್ಯೂಟರ್‌ಗೇ ವಹಿಸೋಣ ಎನಿಸಿತು. ಅದಕ್ಕೆ ‘ಕ್ರಾನ್’ ಇದೆ. ನಿಮಿಷ, ಗಂಟೆ, ದಿನಾಂಕ, ತಿಂಗಳು, ವಾರ ಈ ಐದನ್ನು ಬರೆದು ಮುಂದೆ ಕೆಲಸ ಹೇಳಿದರೆ, ಹೊತ್ತಿಗೆ ಸರಿಯಾಗಿ ಮಾಡುತ್ತದೆ. ಎರಡೇ ಸಾಲಿನ ಸ್ಕ್ರಿಪ್ಟ್ ಬರೆದೆ: ‘ಸಿಡಿ’ ಕೊಟ್ಟು ಡೌನ್‌ಲೋಡ್ ಫೋಲ್ಡರ್‌ಗೆ ಹೋಗು, ‘ಆರ್‌ಎಂ’ ಮುಂದೆ ನಕ್ಷತ್ರದ ಗುರುತು ಹಾಕಿ ಅಲ್ಲಿರುವುದನ್ನೆಲ್ಲ ಅಳಿಸು. ಪ್ರತಿ ರಾತ್ರಿ 9ಕ್ಕೆ. ಒಂದು ವಾರ ರಾಜನಂತೆ ಓಡಾಡಿದೆ.

ಆಮೇಲೊಂದು ದಿನ ಆ ಫೋಲ್ಡರ್‌ನ ಹೆಸರು ಬದಲಿಸಿದೆ, ಸ್ಕ್ರಿಪ್ಟ್ ಮರೆತೆ. ರಾತ್ರಿ 9ಕ್ಕೆ ಮೊದಲ ಸಾಲು ಸೋತಿತು. ಎರಡನೆಯ ಸಾಲು ಮಾತ್ರ ಓಡಿತು. ಎಲ್ಲಿ? ಕ್ರಾನ್ ಕೆಲಸ ಶುರು ಮಾಡುವುದೇ ನಮ್ಮ ಹೋಮ್ ಫೋಲ್ಡರ್‌ನಿಂದ. ಅಲ್ಲಿತ್ತು ನಾವು ನಾಲ್ವರ ಮಿನಿ ಪ್ರಾಜೆಕ್ಟ್‌ನ ವರದಿ. ಆರ್‌ಎಂ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಸಲ್ಲಿಕೆಗೆ ಎರಡೇ ದಿನ ಬಾಕಿ.

ಮೂವರಿಗೂ ಫೋನ್ ಮಾಡಿ ಹೇಳುವಾಗ ಕೈ ನಡುಗುತ್ತಿತ್ತು. ಪುಣ್ಯಕ್ಕೆ ಒಬ್ಬನ ಇಮೇಲ್‌ನಲ್ಲಿ ಮೂರು ವಾರ ಹಳೆಯ ಪ್ರತಿ ಸಿಕ್ಕಿತು. ಎರಡು ರಾತ್ರಿ ನಿದ್ದೆಗೆಟ್ಟು ಉಳಿದ 18 ಪುಟ ಮತ್ತೆ ಟೈಪ್ ಮಾಡಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ವಿಷಯ ಕೇಳಿದ ಅಪ್ಪ ಹೇಳಿದ್ದಿಷ್ಟು: ‘ಹಮಾಲಿಗಳು ಲೆಕ್ಕ ಹೇಳಿದ್ರೂ ಲಾರಿ ಬಿಡೋಕೆ ಮೊದಲು ನಾನೊಂದ್ಸಲ ಮೂಟೆ ಎಣಿಸ್ತೀನಿ. ಹೋದ ಲಾರಿ ವಾಪಸ್ ಬರುತ್ತೇನೋ?’

ಈಗ ನಾನೂ ಎಣಿಸುತ್ತೇನೆ. ಅಳಿಸುವ ಮುನ್ನ ಅದೇ ಗುರುತಿಗೆ ‘ಎಲ್‌ಎಸ್’ ಕೊಟ್ಟು ಯಾವ್ಯಾವ ಫೈಲ್ ಸಿಗುತ್ತವೆ ಎಂದು ನೋಡುತ್ತೇನೆ. ಎರಡು ಕಮಾಂಡ್‌ಗಳ ನಡುವೆ ಎರಡು ‘ಆಂಪರ್‌ಸ್ಯಾಂಡ್’ ಚಿಹ್ನೆ ಹಾಕುತ್ತೇನೆ. ಆಗ ಮೊದಲನೆಯದು ಗೆದ್ದರಷ್ಟೇ ಎರಡನೆಯದು ಓಡುತ್ತದೆ.

ಈ ವಿದ್ಯೆ ನನ್ನ ಹಳೆಯ ಡಬ್ಬಕ್ಕಷ್ಟೇ ಅಲ್ಲ. ಮನೆಗೆ ಹತ್ತಿರದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರ್ ಕೂಡ ಓಡುವುದು ಲಿನಕ್ಸ್‌ನಲ್ಲೇ. 1991ರಲ್ಲಿ ಲಿನಕ್ಸ್ ಬರೆಯಲು ಕೂತಾಗ ಲಿನಸ್ ಟೊರ್ವಾಲ್ಡ್ಸ್‌ಗೆ 21 ವರ್ಷ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. ನನಗಿಂತ ಒಂದೇ ವರ್ಷ ದೊಡ್ಡವನು! ಕೆಲಸ ಹುಡುಕುತ್ತಿರುವ ಗೆಳೆಯರೇ, ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಈ ಕಮಾಂಡ್‌ಗಳೇ ಅಕ್ಷರಮಾಲೆ. ಕಲಿಯಲು ದುಬಾರಿ ಕೋರ್ಸ್ ಬೇಕಿಲ್ಲ. ಒಂದು ಹಳೆಯ ಯಂತ್ರ, ಒಂದಿಷ್ಟು ತಾಳ್ಮೆ ಸಾಕು. ಮೊದಲು ನೋಡುವುದನ್ನು ಕಲಿಯಿರಿ. ಮಾಡಿಸುವುದು ಆಮೇಲೆ.

ಈಗ ಭಾನುವಾರ ಅಪ್ಪ ಮಂಡಿಯ ಬಿಲ್‌ಗಳಿರುವ ಪೆನ್‌ಡ್ರೈವ್ ತರುತ್ತಾರೆ. ನನ್ನ ಸ್ಕ್ರಿಪ್ಟ್ ಅವುಗಳ ನಕಲು ಮಾಡಿ, ಎರಡೂ ಕಡೆಯ ಫೈಲ್‌ಗಳನ್ನು ಎಣಿಸಿ ತೋರಿಸುತ್ತದೆ. ಕಪ್ಪು ಸ್ಕ್ರೀನ್ ಕಡೆ ಬಗ್ಗಿ ಅಪ್ಪ ಕೇಳುತ್ತಾರೆ: ‘ಲೆಕ್ಕ ಸರಿ ಇದೆಯಾ?’

‘ಎರಡೂ ಕಡೆ 412 ಅಪ್ಪ.’

‘ಹಾಗಾದ್ರೆ ಲಾರಿ ಬಿಡು.’