ಗುಂಡುಗುತ್ತವೋ, ಬಿಡಿಬಿಡಿಯೋ? ಟರ್ಬೊ ಕಾರಿನ ಲೆಕ್ಕ

ಹತ್ತಿಬೀಜದ ದುಡ್ಡು ಚೆನ್ನಾಗಿ ಕೈಗೆ ಬಂದ ವರ್ಷ ನಮ್ಮ ಗಟ್ಟು ಸೀಮೆಯ ಮನೆಗಳ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂದು ನಿಲ್ಲುವುದು ಈಗ ಹೊಸ ಸಂಗತಿಯಲ್ಲ. ಅವುಗಳಲ್ಲಿ ಡೀಸೆಲ್ ಕಾರುಗಳೇ ಬಹಳ, ಡೀಸೆಲ್ ಎಂದ ಮೇಲೆ ಟರ್ಬೊ ಇದ್ದೇ ಇರುತ್ತದೆ. ಕಾರು ಬಂದು ಆರು ತಿಂಗಳಾಗುವುದರೊಳಗೆ ಮನೆಯ ಹುಡುಗ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಒಂದು ಕೊಟೇಶನ್ ತರಿಸಿರುತ್ತಾನೆ. ಏರ್ ಫಿಲ್ಟರ್, ಸೈಲೆನ್ಸರಿನ ಕೊಳವೆ, ಇಂಟರ್‌ಕೂಲರ್, ಕಂಪ್ಯೂಟರ್ ಟ್ಯೂನಿಂಗ್, ಎಲ್ಲ ಸೇರಿ ಇಷ್ಟು ರೂಪಾಯಿ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಕಡೆಯ ತೆಲುಗು ಮಾತಿನಲ್ಲಿ ಹೇಳುವುದಾದರೆ ಗುಂಡುಗುತ್ತ. ಹುಡುಗನ ಪ್ರಶ್ನೆ ಇಷ್ಟೇ: ಎಲ್ಲವನ್ನೂ ಒಟ್ಟಿಗೆ ತಗೊಳ್ಳಲೇ, ಒಂದೊಂದಾಗಿ ಹಾಕಿಸಲೇ?

ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೆ ಕೊಟೇಶನ್ ಓದುವುದು ನಮ್ಮ ಕಸುಬು. ಪಂಪ್‌ಸೆಟ್ ಸಾಲಕ್ಕೆ ರೈತರು ತರುತ್ತಿದ್ದ ಪಟ್ಟಿ ತಮಗೆ ನೆನಪಿರಬಹುದು: ಮೋಟಾರು, ಪಂಪು, ಸ್ಟಾರ್ಟರ್, ಪೈಪು, ಫುಟ್‌ವಾಲ್ವ್. ಮಾನೋಬ್ಲಾಕ್ ಆದರೆ ಮೋಟಾರೂ ಪಂಪೂ ಒಂದೇ ಶಾಫ್ಟಿನ ಮೇಲೆ ಕೂತಿರುತ್ತವೆ, ಅದರಲ್ಲಿ ಅರ್ಧ ಕೊಂಡು ಅರ್ಧ ಬಿಡಲು ಬರುವುದಿಲ್ಲ. ಪೈಪನ್ನು ಮಾತ್ರ ರಾಯಚೂರಿನಲ್ಲಿ ಅಗ್ಗವಾದರೆ ಅಲ್ಲಿಂದಲೇ ತರಬಹುದು. ಕಾರಿನ ಪಟ್ಟಿಯನ್ನೂ ಹೀಗೆಯೇ ಓದಬೇಕು. ಯಾವುದು ಯಾವುದರ ಶಾಫ್ಟಿಗೆ ಕಟ್ಟಿಕೊಂಡಿದೆ, ಯಾವುದು ಬರೀ ಪೈಪು ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ.

ಮೊದಲು ಟರ್ಬೊ ಎಂದರೇನು ನೋಡೋಣ. ಕಮ್ಮಾರನ ತಿದಿಯನ್ನು ನೆನೆಸಿಕೊಳ್ಳಿ. ತಿದಿ ಒತ್ತಿದಷ್ಟೂ ಗಾಳಿ, ಗಾಳಿ ಹೆಚ್ಚಿದಷ್ಟೂ ಇದ್ದಿಲು ಜೋರಾಗಿ ಉರಿಯುತ್ತದೆ. ಎಂಜಿನ್ನಿಗೂ ಅದೇ ನಿಯಮ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒಳಗೆ ಒತ್ತುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು. ಇಂದಿನ ಸಣ್ಣ ಕಾರುಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದರ ಶಾಫ್ಟು ನಿಂತಿರುವುದು ಎಂಜಿನ್ ಆಯಿಲ್ಲಿನ ತೆಳು ಪೊರೆಯ ಮೇಲೆ.

ಎಷ್ಟು ಗಾಳಿ ಒತ್ತಬೇಕು, ಎಷ್ಟು ಎಣ್ಣೆ ಚಿಮುಕಿಸಬೇಕು ಎಂದು ಹೇಳುವುದು ಇ.ಸಿ.ಯು. ಎಂಬ ಕಂಪ್ಯೂಟರ್ ಪೆಟ್ಟಿಗೆ. ಅದರೊಳಗಿನ ಕೋಷ್ಟಕವನ್ನು ತಿದ್ದಿ ಬರೆಯುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಟರ್ಬೊ ಇಲ್ಲದ ಕಾರಿನಲ್ಲಿ ಹೆಚ್ಚುವರಿ ಗಾಳಿಯೇ ಇರುವುದಿಲ್ಲವಾದ್ದರಿಂದ ಕೋಷ್ಟಕ ತಿದ್ದಿ ಸಿಗುವುದು ಅತ್ಯಲ್ಪ. ಟರ್ಬೊ ಕಾರಿನಲ್ಲಿ ತಿದಿ ಇನ್ನಷ್ಟು ಒತ್ತು ಎಂದು ಹೇಳಲು ಅವಕಾಶವಿದೆ. ಆದ್ದರಿಂದ ಆ ಪಟ್ಟಿಯಲ್ಲಿ ನಿಜವಾಗಿ ಶಕ್ತಿ ಕೊಡುವ ಬಾಬ್ತು ಒಂದೇ, ಅದು ರೀಮ್ಯಾಪ್. ಉಳಿದವೆಲ್ಲ ಅದರ ಸೇವಕರು. ಸೇವಕರಿಗೆ ಸಂಬಳ ಕೊಡಬೇಕೋ ಬೇಡವೋ ಎಂಬುದು ಯಜಮಾನ ಎಷ್ಟು ಕೆಲಸ ಹೇಳುತ್ತಾನೆ ಎನ್ನುವುದರ ಮೇಲೆ ನಿಂತಿದೆ.

ಅಂಗಡಿಯವರು ಸ್ಟೇಜ್ 1, ಸ್ಟೇಜ್ 2 ಎನ್ನುತ್ತಾರೆ. ಇವಕ್ಕೆ ಐ.ಎಸ್.ಐ. ಗುರುತಿನಂಥ ಸರಕಾರಿ ಅಳತೆ ಯಾವುದೂ ಇಲ್ಲ, ಒಬ್ಬೊಬ್ಬರದು ಒಂದೊಂದು. ಸಾಮಾನ್ಯವಾಗಿ ಸ್ಟೇಜ್ 1 ಎಂದರೆ ಕಂಪನಿಯ ಭಾಗಗಳನ್ನು ಹಾಗೇ ಇಟ್ಟು ಬರೀ ರೀಮ್ಯಾಪ್ ಮಾಡುವುದು. ಅದಕ್ಕೆ ಬೇರೆ ಫಿಲ್ಟರೂ ಬೇಡ, ಕೊಳವೆಯೂ ಬೇಡ. ಹಾಗಿದ್ದೂ ಸ್ಟೇಜ್ 1ರ ಜೊತೆಗೆ ನಾಲ್ಕು ಸಾಮಾನು ಸೇರಿಸಿ ಪ್ಯಾಕೇಜ್ ಮಾಡಿದರೆ, ಡಿ.ಎ.ಪಿ. ಚೀಲ ಕೇಳಿದವನಿಗೆ ಬೇಡದ ಔಷಧಿ ಬಾಟಲಿಯನ್ನೂ ಗಂಟುಹಾಕುವ ವ್ಯಾಪಾರಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆ ನೋವು ನಮ್ಮ ರೈತರಿಗೆ ನಾನು ಹೇಳಿ ಗೊತ್ತಾಗಬೇಕೆ!

ಸ್ಟೇಜ್ 2 ಬೇರೆ. ಅಲ್ಲಿ ಕೋಷ್ಟಕ ಬರೆಯುವಾಗಲೇ ದೊಡ್ಡ ಇಂಟರ್‌ಕೂಲರ್ ಇದೆ, ಹೊಗೆ ಸಲೀಸಾಗಿ ಹೋಗುವ ಕೊಳವೆ ಇದೆ ಎಂದು ಹಿಡಿದು ಬರೆಯುತ್ತಾರೆ. ಇದು ಮಾನೋಬ್ಲಾಕಿನ ಹಾಗೆ. ಸಾಫ್ಟ್‌ವೇರ್ ಇವತ್ತು ಹಾಕಿಸುತ್ತೇನೆ, ಇಂಟರ್‌ಕೂಲರ್ ಮುಂದಿನ ಸುಗ್ಗಿಗೆ ಎಂದರೆ ಆ ನಡುವಿನ ಎಂಟು ತಿಂಗಳು ಎಂಜಿನ್ ತಾಳಬೇಕಾದ ಶಾಖ ಲೆಕ್ಕಕ್ಕಿಂತ ಹೆಚ್ಚು. ಹೀಗೆ ಒಂದಕ್ಕೊಂದು ಕಟ್ಟಿಕೊಂಡಿದ್ದರೆ ಗುಂಡುಗುತ್ತವೇ ಸರಿ, ಅದೂ ಒಬ್ಬರ ಕೈಯಲ್ಲಿಯೇ. ಮೂರು ಅಂಗಡಿಯ ಸಾಮಾನಿಗೆ ನಾಲ್ಕನೆಯವನು ಕೋಷ್ಟಕ ಬರೆದರೆ, ಕೆಟ್ಟಾಗ ಒಬ್ಬರ ಕಡೆಗೆ ಇನ್ನೊಬ್ಬರು ಬೆರಳು ತೋರಿಸುತ್ತಾರೆ, ನಷ್ಟ ಮಾತ್ರ ನಮ್ಮ ಖಾತೆಗೆ.

ಇಂಟರ್‌ಕೂಲರ್ ವಿಷಯವನ್ನು ನಮ್ಮ ಬಿಸಿಲಿನ ಲೆಕ್ಕದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ತಾವೆಲ್ಲ ಮುಟ್ಟಿ ನೋಡಿದ್ದೀರಿ. ಟರ್ಬೊ ಗಾಳಿಯೂ ಹಾಗೆಯೇ ಕಾಯುತ್ತದೆ. ಹೊರಗಡೆ 25 ಡಿಗ್ರಿ ಇರುವ ಊರಿನಲ್ಲಿ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು ಸುಮಾರು 120 ಡಿಗ್ರಿಗೆ ಏರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ 42 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು 140. ಬಿಸಿಗಾಳಿ ಹಿಗ್ಗಿರುವುದರಿಂದ ಅದರಲ್ಲಿ ಉರಿಗೆ ಬೇಕಾದ ಆಮ್ಲಜನಕ ಕಡಿಮೆ. ಇಂಟರ್‌ಕೂಲರ್ ಎಂಬ ರೇಡಿಯೇಟರ್ ಆ ಗಾಳಿಯನ್ನು ತಣಿಸಿ ಒಳಗೆ ಕಳಿಸುತ್ತದೆ. ಹಾಗಾದರೆ ದೊಡ್ಡದು ಹಾಕಿಸಿದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಬಹಳ ಹೊತ್ತು ಎಂಜಿನ್ನನ್ನು ಪೂರಾ ದುಡಿಸುವವರಿಗೆ ಒಳ್ಳೆಯದು. ಗದ್ವಾಲದಿಂದ ರಾಯಚೂರಿಗೆ ಹೋಗುವ ರಸ್ತೆಯಲ್ಲಿ ನಮಗೆ ಪೂರಾ ಶಕ್ತಿ ಬೇಕಾಗುವುದು ಹತ್ತಿ ಲಾರಿಯನ್ನು ದಾಟುವಾಗ, ಅದೂ ಎಂಟು ಹತ್ತು ಸೆಕೆಂಡು. ಅಷ್ಟಕ್ಕೆ ಕಂಪನಿಯವರು ಕೊಟ್ಟದ್ದೇ ಸಾಕು. ಅಳತೆ ಮೀರಿ ದೊಡ್ಡದಾದರೆ ಅದು ತುಂಬುವವರೆಗೆ ಕಾಲಿಟ್ಟಾಗ ಎಂಜಿನ್ ಇನ್ನೂ ತಡಮಾಡುತ್ತದೆ.

ಏರ್ ಫಿಲ್ಟರಿನ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ತೆರೆದ ಫಿಲ್ಟರ್ ನಮ್ಮ ಸೀಮೆಗೆ ಬೇಡ. ಅದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಜೊತೆಗೆ ಎರೆಮಣ್ಣಿನ ಧೂಳು, ಹತ್ತಿಯ ನೂಲೆಳೆ. ಲಕ್ಷ ಸುತ್ತು ತಿರುಗುವ ಚಕ್ರದ ಅಲಗಿಗೆ ಧೂಳು ಬಡಿದರೆ ಏನಾಗುತ್ತದೆ ಎಂದು ಹಿಟ್ಟಿನ ಗಿರಣಿ ಕಂಡವರಿಗೆ ಹೇಳಬೇಕಾಗಿಲ್ಲ.

ಕಂಪನಿಯವರೇ ಶಕ್ತಿ ಹೆಚ್ಚಿಸಿದಾಗ ಏನು ಮಾಡಿದರು ನೋಡಿ. ಮಾರುತಿ ಸ್ವಿಫ್ಟ್ ಡೀಸೆಲ್ಲಿನಲ್ಲಿದ್ದ 1.3 ಲೀಟರ್ ಎಂಜಿನ್ ಫಿಯಟ್ ವಿನ್ಯಾಸದ್ದು, 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್ ತಿರುಗುಬಲ. ಅದೇ ಎಂಜಿನ್ 2011ರಲ್ಲಿ ಎಸ್‌ಎಕ್ಸ್4 ಕಾರಿಗೆ ಬಂದಾಗ 90 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಆಯಿತು. ಹದಿನೈದು ಅಶ್ವಶಕ್ತಿಗಾಗಿ ಟರ್ಬೊವನ್ನೇ ಬದಲಿಸಿ, ಅಲಗಿನ ಕೋನ ತಾನೇ ಹೊಂದಿಸಿಕೊಳ್ಳುವ ಬಗೆಯದನ್ನು ಹಾಕಿದರು. ಅಷ್ಟಾದರೂ ತಿರುಗುಬಲವನ್ನು ಹತ್ತೇ ಅಂಕ ಏರಿಸಿದರು. ತಿರುಗುಬಲದ ಪೆಟ್ಟು ಬೀಳುವುದು ಕ್ಲಚ್ಚಿಗೆ, ಗೇರ್ ಬಾಕ್ಸಿಗೆ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ 2013ರಲ್ಲಿ ಬಂದಾಗ ಅದರ ಎಂಜಿನ್ನಿನ ಬಲ 175 ನ್ಯೂಟನ್ ಮೀಟರ್, ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆಯ ತಾಳಿಕೆ 250. ಅಲ್ಲಿ ಸ್ವಲ್ಪ ಜಾಗವಿದೆ. ಎಲ್ಲ ಕಾರಿನಲ್ಲೂ ಹಾಗೆ ಇರುವುದಿಲ್ಲ. ನಿಮ್ಮ ಕೊಟೇಶನ್ನಿನಲ್ಲಿ ಕ್ಲಚ್ ಎಂಬ ಮಾತೇ ಇಲ್ಲದಿದ್ದರೆ, ಅದು ಎರಡನೆಯ ಬಿಲ್ಲಾಗಿ ಆಮೇಲೆ ಬರುತ್ತದೆ ಎಂದು ತಿಳಿಯಿರಿ.

ಇನ್ನು ನನ್ನ ಕಸುಬಿನ ಲೆಕ್ಕ. ಅಂಕಿಗಳು ಲೆಕ್ಕ ತೋರಿಸಲು ನಾನು ಹಿಡಿದವು, ಪೇಟೆಯ ದರ ಬೇರೆ ಇರಬಹುದು. ರೀಮ್ಯಾಪ್ 25,000, ಫಿಲ್ಟರ್ 5,000, ಕೊಳವೆ 20,000, ಇಂಟರ್‌ಕೂಲರ್ 30,000. ಬಿಡಿಯಾಗಿ ಕೂಡಿದರೆ 80,000. ಪ್ಯಾಕೇಜ್ 65,000, ಹದಿನೈದು ಸಾವಿರ ಉಳಿತಾಯ ಎನ್ನುತ್ತಾರೆ. ಈ 65,000ವನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಗೆ ಮೂರು ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು ಸುಮಾರು 2,160. ಬಡ್ಡಿಯೇ 12,700 ದಾಟುತ್ತದೆ. ಉಳಿತಾಯದಲ್ಲಿ ಉಳಿದದ್ದು ಎರಡು ಸಾವಿರದ ಚಿಲ್ಲರೆ. ಆ ಹುಡುಗನಿಗೆ ಬೇಕಾದದ್ದು ರೀಮ್ಯಾಪ್ ಒಂದೇ ಆಗಿದ್ದರೆ ಅದು ಉಳಿತಾಯವೂ ಅಲ್ಲ, 40,000 ಹೆಚ್ಚಿನ ಖರ್ಚು, ಅದರ ಮೇಲೆ ಬಡ್ಡಿ.

ಕಾಯ್ದೆಯಲ್ಲಿಯೂ ಒಂದು ಸ್ವಾರಸ್ಯವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್.ಸಿ. ಪುಸ್ತಕದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182-ಎ ಕಲಮು, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ ಎನ್ನುತ್ತದೆ. ದಂಡ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ. ಅಂಗಡಿಯವನು ಗುಂಡುಗುತ್ತ ಮಾರಿದರೂ ಕಾಯ್ದೆ ಎಣಿಸುವುದು ಬಿಡಿಬಿಡಿಯಾಗಿ! ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತು ಹಾಕುವ ಕೊಳವೆಯಂತೂ ರಸ್ತೆಗೆ ತರುವ ವಸ್ತುವೇ ಅಲ್ಲ. ಅಂಥವುಗಳ ಜಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮುಂತಾದ ರೇಸಿನ ಪಥಗಳು. ವಿಮೆ ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಡು ಅಪಘಾತವಾದ ಮೇಲೆ ಪರಿಹಾರದ ಕಾಗದದಲ್ಲಿ ತಕರಾರಾಗಿ ಎದ್ದು ಬರುತ್ತದೆ. ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಚೆ ರಾಜ್ಯದ ಆಸ್ಪತ್ರೆಗೆ, ಜಾತ್ರೆಗೆ ಹೋಗಿಬರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಪಿಕಪ್ ಇಲ್ಲ ಎನ್ನುವವರು ಏನು ಮಾಡಬೇಕು? ಮೊದಲು ಇದ್ದ ಶಕ್ತಿ ಎಲ್ಲಿ ಸೋರಿಹೋಗುತ್ತಿದೆ ನೋಡಿಸಿ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಸೀಳಿದ್ದರೆ ಕಾಲಿಟ್ಟಾಗ ಬುಸ್ಸೆಂದು ಶಬ್ದ ಬಂದು ಕರಿಹೊಗೆ ಕಾಣುತ್ತದೆ. ಫಿಲ್ಟರ್ ಮಣ್ಣು ಕಟ್ಟಿರಬಹುದು, ಇ.ಜಿ.ಆರ್. ವಾಲ್ವ್ ಮಸಿ ಹಿಡಿದಿರಬಹುದು. ಆಯಿಲ್ ಕಂಪನಿ ಹೇಳಿದ ಗ್ರೇಡಿನದೇ ಇರಲಿ. ಬಹಳ ಜೋರಾಗಿ ಓಡಿಸಿ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಟರ್ಬೊ ತಣಿಯುತ್ತದೆ. ಇದಕ್ಕೆಲ್ಲ ಆಗುವ ಖರ್ಚು ಪ್ಯಾಕೇಜಿನ ಮುಂದೆ ಏನೂ ಅಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಎಷ್ಟೋ ಸಲ ದೂರು ಇಲ್ಲಿಗೇ ಮುಗಿಯುತ್ತದೆ. ಬ್ರೇಕು, ಟೈರು ಹಳತಾಗಿದ್ದರೆ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಇಷ್ಟಾದ ಮೇಲೂ ಮಾಡಿಸಲೇಬೇಕು ಎನ್ನುವ ಹುಡುಗರಿಗೆ ಎರಡು ಮಾತು. ಕೊಟೇಶನ್ನಿನಲ್ಲಿ ಪ್ರತಿಯೊಂದು ಬಾಬ್ತಿಗೂ ಬೇರೆ ಬೇರೆ ದರ ಬರೆಸಿಕೊಳ್ಳಿ, ಅದರ ಪಕ್ಕದಲ್ಲಿ 'ಇದಿಲ್ಲದೆ ರೀಮ್ಯಾಪ್ ನಡೆಯುತ್ತದೆಯೇ' ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಬರೆಸಿಕೊಳ್ಳಿ. ಕಂಪನಿಯ ಮೂಲ ಸಾಫ್ಟ್‌ವೇರಿನ ಪ್ರತಿ ತೆಗೆದಿಟ್ಟಿರಲಿ, ಬೇಡವಾದರೆ ವಾಪಸು ಹಾಕಿಸಬಹುದು. ಬಿಚ್ಚಿದ ಹಳೆಯ ಸಾಮಾನನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಸೈಲೆನ್ಸರ್ ಕೊಳವೆಯನ್ನಂತೂ ಬಿಡಲೇಬೇಡಿ. ಅದರಲ್ಲಿ ಕೂತಿರುವ ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ ಇರುತ್ತವೆ. ನಮಗೆ ಅದು ತುಕ್ಕು ಹಿಡಿದ ಡಬ್ಬಿಯಂತೆ ಕಂಡರೂ ಗುಜರಿಯವನಿಗೆ ಅದರ ಬೆಲೆ ಚೆನ್ನಾಗಿ ಗೊತ್ತಿದೆ.