ನಿಮಗಿದು ಗೊತ್ತೆ? ಗ್ಯಾಸ್‌ಬತ್ತಿಯಲ್ಲೂ ವಿಕಿರಣ!

ಊರೂರಿಗೆ ವಿದ್ಯುದ್ದೀಪಗಳು ಬರುವ ಮುನ್ನ, ಅಥಣಿ ಸೀಮೆಯ ಕೊಕಟನೂರ ಯಲ್ಲಮ್ಮನ ಜಾತ್ರೆಯಂತಹ ಜನಸಂದಣಿಯ ರಾತ್ರಿಗಳನ್ನು ಬೆಳಗುತ್ತಿದ್ದ ಗ್ಯಾಸ್‌ಬತ್ತಿಯ ಶುಭ್ರಪ್ರಭೆಗೆ, ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಆವರ್ 1891ರಲ್ಲಿ ಪರಿಷ್ಕರಿಸಿದ, ಶೇ. 99 ಥೋರಿಯಂ ಹಾಗೂ ಶೇ. 1 ಸೀರಿಯಂ ಆಕ್ಸೈಡುಗಳ ಮ್ಯಾಂಟಲೇ (ಜ್ವಾಲೆಯಲ್ಲಿ ಬೆಳಗುವ ಜಾಲರಿ) ಕಾರಣವಾಗಿದ್ದಿತು. ಥೋರಿಯಂ ವಿಕಿರಣಶೀಲ ಧಾತು. ಅದರ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ! ಆದರೂ ಬೆಚ್ಚಬೇಕಾದುದಿಲ್ಲ, ಅದು ಹೊಮ್ಮಿಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲುದು. ಗೈಗರ್ ಮಾಪಕವನ್ನು ಮ್ಯಾಂಟಲಿನ ಸಮೀಪಕ್ಕೆ ಹಿಡಿದರೆ ಟಿಕ್‌ಟಿಕ್ ಸದ್ದು ತೀವ್ರಗೊಂಡು, ದೂರ ಸರಿಸಿದಂತೆಲ್ಲ ನೆಲ-ಗಗನಗಳ ಸಹಜ ವಿಕಿರಣದ ಮಟ್ಟಕ್ಕೆ ಇಳಿಯುತ್ತದೆ. ಉರಿದ ಮ್ಯಾಂಟಲು ಬೆರಳು ಸೋಕಿದೊಡನೆ ಪುಡಿಯಾಗಿ ಉದುರುವುದರಿಂದ, ಆ ಧೂಳು ಶ್ವಾಸಕೋಶವನ್ನು ಸೇರುವುದೇ ನಿಜವಾದ ಅಪಾಯ. ಅಟ್ಟದ ಮೇಲೆ ಹಳೆಯ ಗ್ಯಾಸ್‌ಬತ್ತಿಯಿದ್ದರೆ, ಮ್ಯಾಂಟಲನ್ನು ಊದದೆ ಒದ್ದೆ ಬಟ್ಟೆಯಿಂದ ತೆಗೆದು ಕೈ ತೊಳೆದುಕೊಳ್ಳಿರಿ.